ತೋಟದಲ್ಲಿ ಕೊಲೆ: ಶಿರಸಿಯ ಸೈಬರ್ ಕೆಫೆಯಲ್ಲಿ ನನ್ನ ಅನುಭವ

2001ರ ಸುಮಾರಿಗೆ ಶಿರಸಿಯ ಒಂದು ಸೈಬರ್ ಕೆಫೆಯಲ್ಲಿ ಕೆಲಸಕ್ಕಿದ್ದೆ. ನಾಲ್ಕು ಕಂಪ್ಯೂಟರು, ಒಂದೇ ಫೋನ್ ಲೈನು, ತಾಸಿಗೆ 40 ರೂಪಾಯಿ. ಫೋನ್ ಲೈನಿನಲ್ಲಿ ಇಂಟರ್ನೆಟ್ ಕೊಡುವ ಮೋಡೆಮ್ ಮೇಲೆ 56 ಕೆಬಿಪಿಎಸ್ ಅಂತ ಬರೆದಿತ್ತು, ಲೆಕ್ಕಕ್ಕೆ ಸೆಕೆಂಡಿಗೆ 7 ಕೆಬಿ. ನಮಗೆ ಸೆಕೆಂಡಿಗೆ 4 ಕೆಬಿ ಸಿಕ್ಕರೆ ಹಬ್ಬ. ಅದನ್ನೇ ನಾಲ್ವರು ಹಂಚಿಕೊಳ್ಳಬೇಕು. ಬೆಳಿಗ್ಗೆ ಬಾಗಿಲು ತೆಗೆದವನೇ ಪುಟ ಬೇಗ ತೆರೆಯಲಿ ಅಂತ ಬ್ರೌಸರುಗಳಲ್ಲಿ ಚಿತ್ರ ತೋರಿಸುವ ಆಯ್ಕೆಯ ಟಿಕ್ ತೆಗೆದುಬಿಡುತ್ತಿದ್ದೆ. ಸಿಇಟಿ ಫಲಿತಾಂಶದ ದಿನ ಮರ್ಯಾದೆ ಉಳಿಸಿದ್ದು ಅದೇ.

ಮೊದಲ ವರ್ಷ ಮೇ ತಿಂಗಳ ಗುಡುಗಿಗೆ ಕರೆಂಟಿನ ಪ್ಲಗ್ ಮಾತ್ರ ಕಿತ್ತೆ. ಸಿಡಿಲು ಫೋನ್ ವಯರಿನಲ್ಲಿ ಬಂದು ಮೋಡೆಮ್ ಸುಟ್ಟುಹೋಯಿತು. ಆಮೇಲೆ ಮೋಡ ಕಪ್ಪಾದರೆ ಸಾಕು, ಮೊದಲು ಫೋನ್ ವಯರು ಕೀಳುತ್ತಿದ್ದೆ. ಚಾಟಿಂಗಿಗೆ ಕೂತವರು ಬೈದುಕೊಳ್ಳಲಿ.

ನನ್ನ ನಿಜವಾದ ಕೆಲಸ ಮಾತ್ರ ಇ-ಮೇಲಿನಲ್ಲಿ ಕಾಗದ ಬರೆದುಕೊಡುವುದು. ಹುಲೇಕಲ್ ಕಡೆಯ ಹೆಗಡೇರೊಬ್ಬರು ಸಂತೆಗೆ ಬಂದಾಗ ಅಮೆರಿಕದ ಮಗನಿಗೆ ಹೇಳಿ ಬರೆಸುತ್ತಿದ್ದರು. ಅವರು ಹೇಳಿದ್ದನ್ನು ಮೊದಲು ನೋಟ್‌ಪ್ಯಾಡಿನಲ್ಲಿ ಬರೆದು, ಆಮೇಲೆ ಲೈನ್ ಹಚ್ಚಿ ಕಳಿಸುವುದು. ಇಲ್ಲದಿದ್ದರೆ ಅವರು ಯೋಚನೆ ಮಾಡುವ ಹೊತ್ತಿಗೂ ಬಿಲ್ ಓಡುತ್ತಿತ್ತು. 'ಬರಹ' ತಂತ್ರಾಂಶದಲ್ಲಿ ಬರೆದರೆ ಆ ಕಡೆ ಅದರ ಫಾಂಟ್ ಇಲ್ಲದೆ ಬರೀ ಕಾಗೆಕಾಲು. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ.

ಅಲ್ಲೇ ಎಡವಟ್ಟಾಗಿದ್ದು. ಒಂದು ಮಳೆಗಾಲ ಹೆಗಡೇರು, 'ತೋಟದಲ್ಲಿ ಕೊಳೆ ಆಗಿದೆ, ಮದ್ದು ಹೊಡೆಯಲು ಆಳು ಇಲ್ಲ' ಅಂತ ಬರೆಸಿದರು. ಕೊಳೆ ಅಂದರೆ ಮಳೆಗಾಲದಲ್ಲಿ ಅಡಿಕೆಗೆ ಬರುವ ರೋಗ. ಇಂಗ್ಲಿಷಿನಲ್ಲಿ ಲಕಾರ ಒಂದೇ ತಾನೆ. ಮುಂದಿನ ವಾರ ಉತ್ತರ ಬಂತು: 'ಅಪ್ಪಯ್ಯ, ಕೊಲೆ ಯಾರದ್ದು?' ಅಡಿಕೆ ತೋಟದಲ್ಲಿ ಬೆಳೆದವನಿಗೆ ಅರ್ಥ ಆಗಿರಲೇಬೇಕು, ತಮಾಷೆಗೇ ಕೇಳಿದ್ದ. ಹೆಗಡೇರಿಗೆ ನಗು ಬರಲಿಲ್ಲ. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ತಂದಿಟ್ಟು, ಮಳೆ ಬಿಡದೆ ಕಾಯುತ್ತಿದ್ದವರು ಅವರು.

"ತಮಾ, ಮಾಣಿ ಎಂತ ಬರದ್ದ ಓದು" (ತಮ್ಮಾ, ಮಗ ಏನು ಬರೆದಿದ್ದಾನೆ ಓದು) ಅನ್ನುತ್ತಿದ್ದರು, ನಾನು ಗಟ್ಟಿಯಾಗಿ ಓದುತ್ತಿದ್ದೆ. ಪ್ಲೈವುಡ್ ಗೋಡೆ, ಪಕ್ಕದ ಮೂವರಿಗೂ ಕೇಳುತ್ತದೆ. ಒಮ್ಮೆ ಮಗ, ತೋಟ ಮಾರಿ ಬೆಂಗಳೂರಿಗೆ ಹೋಗಿ ಅಂತ ಬರೆದಿದ್ದ. ಅದನ್ನೂ ಅದೇ ದನಿಯಲ್ಲಿ ಓದಿಬಿಟ್ಟೆ. ಅವರು ಚಿಲ್ಲರೆ ಎಣಿಸಿಟ್ಟು ಎದ್ದು ಹೋದರು. ಅವತ್ತಿನಿಂದ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು, ಮಡಚಿ ಕೈಗೆ ಕೊಡುತ್ತಿದ್ದೆ.

ಸ್ಕ್ಯಾನರ್ ಬಂದ ಮೇಲೆ ಮನೆಯಲ್ಲೇ ಬರೆದು ತರತೊಡಗಿದರು. ಒಂದು ಪುಟ 150 ಕೆಬಿ, ಹೋಗಲು ಒಂದು ನಿಮಿಷದ ಮೇಲೆ. ಹಾಟ್‌ಮೇಲಿನಲ್ಲಿ ಆಗ ಜಾಗವೇ 2 ಎಂಬಿ, ಹತ್ತು ಹನ್ನೆರಡು ಪುಟಕ್ಕೆ ಭರ್ತಿ. ಒಮ್ಮೆ ಪುಟದ ಅಂಚಿನಲ್ಲಿ ಹೆಗಡೇರ ಹೆಂಡತಿ ಪೆನ್ಸಿಲಿನಲ್ಲಿ ಎರಡು ಸಾಲು ಬರೆದಿದ್ದರು, ಸ್ಕ್ಯಾನಿನಲ್ಲಿ ಮೂಡಲೇ ಇಲ್ಲ. ಹೇಳಿದೆ. ಮುಂದಿನ ವಾರದ ಕಾಗದದಲ್ಲಿ ಹೆಗಡೇರದ್ದು ನಾಲ್ಕೇ ಸಾಲು. ಉಳಿದದ್ದೆಲ್ಲ ನೀಲಿ ಶಾಯಿಯಲ್ಲಿ ಅವರ ಹೆಂಡತಿಯದ್ದೇ.