ವೆಸ್ಟ್‌ಫಾಲಿಯಾ ವ್ಯಾನಿನ ಟಾಪ್ ಇಳಿಸಿ, ರಿಪೇರಿ ಮಾಡಿ, ಮತ್ತೆ ಕೂರಿಸುವುದು

ಅಮೆರಿಕದ ಒರೆಗಾನ್‌ನಲ್ಲಿ ಇರುವವರು ಜುಲೈ ಬಂದ ಮೇಲೆಯೇ ಇದಕ್ಕೆ ಕೈಹಾಕಿ, ಸೆಪ್ಟೆಂಬರ್ ಒಳಗೆ ಮುಗಿಸಿ. ಆಮೇಲೆ ಮಳೆ ಹಿಡಿದರೆ ಟಾಪಿಲ್ಲದ ವ್ಯಾನ್ ಚಕ್ರ ಇರುವ ತೊಟ್ಟಿ, ಅಷ್ಟೇ.

ನನ್ನದು 1984ರ ಫೋಕ್ಸ್‌ವ್ಯಾಗನ್ ವ್ಯಾನಗನ್. ಇದಕ್ಕೆ ಒಲೆ, ಮಂಚ, ಮೇಲೇಳುವ ಫೈಬರ್ ಟಾಪ್ ಎಲ್ಲ ಕೂರಿಸಿದ್ದು ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ. ಟಾಪಿಗೆ ಹಿಂದುಗಡೆ ಕೀಲು. ಮುಂದುಗಡೆ ಎದ್ದು ನಿಲ್ಲುತ್ತದೆ. ಎಲ್ಲರ ಕಣ್ಣೂ ಮೊದಲು ಹೋಗುವುದು ಅದರ ಮಾಸಿದ ಬಿಳಿ ಬಣ್ಣದ ಮೇಲೆ. ನನ್ನನ್ನು ಕೇಳಿದರೆ ಬಣ್ಣ ಕಾಯಬಹುದು. ಟಾಪಿನ ಅಡಿ, ನೀರು ತಡೆಯುವ ರಬ್ಬರ್ ಪಟ್ಟಿ (ಬೀಡಿಂಗ್) ಕೂರುವ ತಗಡಿನ ಅಂಚಿದೆಯಲ್ಲ, ತುಕ್ಕು ಇರುವುದು ಅಲ್ಲಿ. ಟಾಪ್ ಇಳಿಸುವುದೇ ಅದನ್ನು ನೋಡಲಿಕ್ಕೆ.

ಹಿಂದಿನ ಸಂಜೆಯೇ ಬೋಲ್ಟುಗಳಿಗೆಲ್ಲ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಮರುದಿನ ಟಾಪ್ ಎತ್ತಿ, ಮುಂದಿನ ಎರಡೂ ಮೂಲೆಗೆ ಮರದ ಆನಿಕೆ ಕೊಟ್ಟು, ಟಾಪಿಗೂ ವ್ಯಾನಿಗೂ ನಡುವಿನ ಟೆಂಟ್ ಬಟ್ಟೆಯ ಕೆಳಂಚನ್ನು ಬಿಡಿಸಿ. ಬಟ್ಟೆಯನ್ನು ಕತ್ತರಿಸಬೇಡಿ, ಹಳೆಯದು ಹೊಸದಕ್ಕೆ ಅಳತೆಯಾಗುತ್ತದೆ. ನಂತರ ಎತ್ತುವ ಸರಳು, ಕೊನೆಗೆ ಕೀಲು. ಫೈಬರ್‌ನೊಳಗಿನ ನಟ್ ಬೋಲ್ಟಿನ ಜೊತೆಗೇ ಸುತ್ತತೊಡಗಿದರೆ ಜೋರು ಮಾಡದೆ ಬೋಲ್ಟಿನ ತಲೆ ಕೊರೆದು ತೆಗೆಯಿರಿ. ಇಳಿಸಲು ಮೂಲೆಗೊಬ್ಬರಂತೆ ನಾಲ್ಕು ಜನ ಬೇಕು, ಗಾಳಿ ಇರಬಾರದು. ಬೋರಲು ಹಾಕುವುದಾದರೆ ಕೆಳಗೆ ಹಳೇ ಹಾಸಿಗೆ ಹಾಸಿ, ಎಲ್ಲ ಕಡೆ ಸಮ ಆಧಾರ ಕೊಡಿ. ಇಲ್ಲದಿದ್ದರೆ ತಿರುಚಿಕೊಳ್ಳುತ್ತದೆ, ತಿರುಚಿದ್ದು ಬೀಡಿಂಗ್ ಮೇಲೆ ಸರಿಯಾಗಿ ಕೂರುವುದಿಲ್ಲ.

ಈಗ ತಗಡು. ಹಳೇ ಅಂಟು, ಬೀಡಿಂಗಿನ ಚೂರು ಕೆರೆದು, ವೈರ್ ಬ್ರಷ್‌ನಲ್ಲಿ ಹೊಳೆಯುವ ಕಬ್ಬಿಣ ಕಾಣುವ ತನಕ ಉಜ್ಜಿ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುವಷ್ಟು ತಿಂದಿದ್ದರೆ ಪುಟ್ಟಿ ಮೆತ್ತಬೇಡಿ, ಕತ್ತರಿಸಿ ವೆಲ್ಡ್ ಮಾಡಿಸಿ. ಆಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಬಣ್ಣ. ಸ್ಕ್ರೂ ತೂತುಗಳ ಒಳಗೂ ಬ್ರಷ್ ಹೋಗಬೇಕು.

ಫೈಬರಿಗೆ ಮರಳು ಕಾಗದ ಮುಟ್ಟಿಸುವ ಮೊದಲು ವ್ಯಾಕ್ಸ್ ತೆಗೆಯುವ ದ್ರವದಲ್ಲಿ ಒರೆಸಿ. ಇಲ್ಲದಿದ್ದರೆ ಹಳೇ ವ್ಯಾಕ್ಸನ್ನೇ ಒಳಗೆ ತಿಕ್ಕಿದಂತಾಗುತ್ತದೆ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದರೆ ಅದು ಮುಂದೆ ಓಡುವುದಿಲ್ಲ. ಬಿರುಕನ್ನು ಇಂಗ್ಲಿಷಿನ ವಿ ಆಕಾರಕ್ಕೆ ಅಗಲಿಸಿ, ಒಳಬದಿಯಿಂದ ಗಾಜಿನ ನಾರಿನ ಮ್ಯಾಟ್ ಇಟ್ಟು, ಒಣಗಿದರೆ ಗಟ್ಟಿಯಾಗುವ ಅಂಟು, ಅಂದರೆ ರೆಸಿನ್, ಹಚ್ಚಿ. ಮೇಲೆ ಜೆಲ್‌ಕೋಟ್ (ಫೈಬರಿನ ನುಣುಪಾದ ಹೊರಪದರ) ಹಾಕುವ ಯೋಚನೆ ಇದ್ದರೆ ಪಾಲಿಯೆಸ್ಟರ್ ರೆಸಿನ್ನೇ ಬಳಸಿ, ಎಪಾಕ್ಸಿ ರೆಸಿನ್ ಮೇಲೆ ಜೆಲ್‌ಕೋಟ್ ಸರಿಯಾಗಿ ಹಿಡಿಯುವುದಿಲ್ಲ. ನಾನಾದರೆ ಜೆಲ್‌ಕೋಟಿನ ರಗಳೆ ಬಿಟ್ಟು, ದೋಣಿಗೆ ಹಚ್ಚುವ, ಎರಡು ಡಬ್ಬಿಯದನ್ನು ಬೆರೆಸಿ ಬಳಸುವ ಪಾಲಿಯುರಿಥೇನ್ ಬಣ್ಣವನ್ನು ರೋಲರ್‌ನಲ್ಲಿ ಹಚ್ಚುತ್ತೇನೆ. ಮನೆಯಲ್ಲಿ ಅದನ್ನು ಸ್ಪ್ರೇ ಮಾಡಲೇಬೇಡಿ, ಅದರೊಳಗಿನ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ವಿಷ. ರೋಲರ್ ಹಿಡಿದರೂ ರಾಸಾಯನಿಕ ಆವಿ ತಡೆಯುವ ಮಾಸ್ಕ್ ಇರಲಿ. ಉಜ್ಜುವಾಗ ಧೂಳಿನ ಮಾಸ್ಕ್ ಮತ್ತು ತುಂಬು ತೋಳಿನ ಅಂಗಿ. ಫೈಬರ್ ನವೆ ರಾತ್ರಿ ನಿದ್ದೆ ಕೊಡುವುದಿಲ್ಲ.

ಹೊಸ ಬೀಡಿಂಗನ್ನು ಎಳೆದು ಕೂರಿಸಬೇಡಿ. ಎಳೆದದ್ದು ಕುಗ್ಗಿ, ಜೋಡಣೆಯಲ್ಲಿ ಬಾಯಿ ಬಿಡುತ್ತದೆ. ಜೋಡಣೆ ವ್ಯಾನಿನ ಹಿಂದುಗಡೆ ಬರಲಿ. ಟಾಪ್ ಕೂರಿಸಿದ ಮೇಲೆ ಬೋಲ್ಟುಗಳನ್ನು ಸಡಿಲವಾಗಿಯೇ ಇಟ್ಟು, ಒಂದೆರಡು ಸಲ ಮುಚ್ಚಿ ತೆಗೆದು, ಸುತ್ತ ಸಂದು ಸಮವಾಗಿದೆಯೇ ನೋಡಿ ಬಿಗಿ ಮಾಡಿ.

ಟೆಂಟಿಗೆ ಹತ್ತಿ ಬಟ್ಟೆ ತಂದಿದ್ದರೆ ಕೂರಿಸಿದ ಮೇಲೆ ಒಮ್ಮೆ ಪೂರ್ತಿ ನೆನೆಸಿ ಒಣಗಿಸಿ. ನೂಲು ಉಬ್ಬಿ ಹೊಲಿಗೆಯ ಸೂಜಿತೂತು ಮುಚ್ಚಿಕೊಳ್ಳುತ್ತದೆ. ಮೊದಲ ಸಲ ತೊಟ್ಟಿಕ್ಕಿದರೆ ಗಾಬರಿಯಾಗಬೇಡಿ. ನಾನು ಮಲೆನಾಡಿನ ಸಾಗರದ ಕಡೆಯವನು, ಮುಗ್ಗಲು ವಾಸನೆ ನನಗೆ ಹೊಸದಲ್ಲ, ಆದರೂ ಮುಗ್ಗಿದ ಬಟ್ಟೆಯ ಕೆಳಗೆ ಮಲಗಲು ಮನಸ್ಸಿಲ್ಲ. ಮಳೆಯಲ್ಲಿ ನೆಂದ ಟಾಪನ್ನು ಮಡಚಿ ಬರಬೇಕಾಗಿ ಬಂದರೆ ಮನೆ ತಲುಪಿದ ದಿನವೇ ತೆರೆದು ಆರಿಸಿ.