ಕುಸಿಯುತ್ತಿದ್ದ ಆಯಿಲ್ ಪ್ರೆಶರ್ ಸರಿಹೋಗಿದ್ದು ಹೀಗೆ

ಬೇಸಿಗೆ ಶುರುವಾದಾಗಿನಿಂದ ನನ್ನ ಟರ್ಬೊ ಸ್ಪೋರ್ಟ್ಸ್ ಕಾರಿನದು ಒಂದೇ ತಕರಾರು. ಅರ್ಧ ಗಂಟೆ ಜೋರಾಗಿ ಓಡಿಸಿ ಸಿಗ್ನಲ್‌ನಲ್ಲಿ ನಿಂತರೆ ಸಾಕು, ಆಯಿಲ್ ಪ್ರೆಶರ್ ಮುಳ್ಳು ಮೆಲ್ಲಗೆ ಇಳಿದು ಕೆಂಪು ಗೆರೆಯ ಹತ್ತಿರ ನಡುಗುತ್ತಿತ್ತು. ಎದೆ ಧಸಕ್ಕೆನ್ನುತ್ತಿತ್ತು.

ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ ಎಳೆದು ನೋಡಿದೆ, ಮಟ್ಟ ಸರಿಯಿತ್ತು. ಸೆನ್ಸರ್ ಸುಳ್ಳು ಹೇಳುತ್ತಿರಬಹುದೆಂದು ಬೇರೆ ಗೇಜ್ ಹಾಕಿಸಿದೆ. ಅದೂ ಅದನ್ನೇ ತೋರಿಸಿತು.

ಆಮೇಲೆ ಮ್ಯಾನುಯಲ್ ತೆಗೆದೆ. ಹಾಕಿದ್ದು 5ಡಬ್ಲ್ಯು-30 ದರ್ಜೆಯ ಎಂಜಿನ್ ಆಯಿಲ್. ಡಬ್ಲ್ಯು ಜೊತೆಗಿರುವ ಅಂಕಿ ಚಳಿಯಲ್ಲಿನ ಹರಿವಿಗೆ, ಕೊನೆಯದು ಬಿಸಿಯಾದಾಗಿನ ದಪ್ಪಕ್ಕೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 30ರ ಎಣ್ಣೆಯ ಸ್ನಿಗ್ಧತೆ, ಅಂದರೆ ದಪ್ಪ, 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗೆ, 40ರದ್ದು 12.5ರಿಂದ 16.3ರ ಒಳಗೆ. ಬಿಸಿಯಲ್ಲೂ ದಪ್ಪ ಉಳಿದರೆ ಪ್ರೆಶರ್ ಅಷ್ಟು ಇಳಿಯುವುದಿಲ್ಲ. ಬಿಸಿ ಹವೆಗೆ 5ಡಬ್ಲ್ಯು-40 ಹಾಕಬಹುದೆಂದು ಅದೇ ಪುಟದಲ್ಲಿತ್ತು! ಇಷ್ಟು ದಿನ ಕಣ್ಣಿಗೇ ಬಿದ್ದಿರಲಿಲ್ಲ.

20ಡಬ್ಲ್ಯು-50 ಹಾಕು ಎಂದವರೂ ಇದ್ದರು. ಒಪ್ಪಲಿಲ್ಲ. ಮ್ಯಾನುಯಲ್‌ನಲ್ಲಿ ಅದಿಲ್ಲ, ಅಷ್ಟು ದಪ್ಪದ ಎಣ್ಣೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದಾಗ ಟರ್ಬೊ ಬೇರಿಂಗ್ ತಲುಪಲು ತಡವಾಗುತ್ತದೆ.

ತಯಾರಕರ ಅನುಮೋದನೆಯ ಕೋಡ್ ಡಬ್ಬಿಯ ಹಿಂದೆ ಇದೆಯೇ ಎಂದು ನೋಡಿ, ಫುಲ್ ಸಿಂಥೆಟಿಕ್ 5ಡಬ್ಲ್ಯು-40 ಹಾಕಿಸಿದೆ, ಫಿಲ್ಟರ್ ಸಮೇತ. ಈಗ ಅದೇ ಬಿಸಿಲು, ಅದೇ ದಾರಿ. ಮುಳ್ಳು ಕೆಂಪು ಗೆರೆಯ ಹತ್ತಿರವೂ ಸುಳಿಯುವುದಿಲ್ಲ.