ಮೀಟರಿನ ಮಿನುಗು ಎಣಿಸಿ ಯೂನಿಟ್ ಹಿಡಿದ ಬಗೆ

ವಿದ್ಯುತ್ ಮೀಟರಿನಲ್ಲಿ ಮಿನುಗುವ ಕೆಂಪು ದೀಪದಿಂದಲೇ ಒಂದೊಂದು ಉಪಕರಣದ ಖರ್ಚನ್ನು ಲೆಕ್ಕ ಹಾಕಬಹುದೆಂದಾಗ, ಮುಂಬಯಿ ಬಳಿಯ ಡೊಂಬಿವಲಿಯ ಹೌಸಿಂಗ್ ಸೊಸೈಟಿಗಳಲ್ಲಿ ವೈರಿಂಗ್ ಮಾಡುವ ನನ್ನ ಜೊತೆಗಾರರು ನಂಬಲಿಲ್ಲ. "ಕ್ಲ್ಯಾಂಪ್ ಹಾಕಿದರೆ ಮುಗಿಯಿತಲ್ಲ ಮಾರಾಯರೇ" ಎಂದು ನಕ್ಕವರೇ ಹೆಚ್ಚು. ತಂತಿಯ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಆ ಕ್ಲ್ಯಾಂಪ್ ಮೀಟರಿಗೆ ನಾನೂ ಎರಡು ಸಾವಿರದಷ್ಟು ಸುರಿದಿದ್ದೆ. ಅದು ತೋರಿಸುವ ಆಂಪಿಯರನ್ನು 230 ವೋಲ್ಟಿನಿಂದ ಗುಣಿಸಿದರೆ ಸಿಗುವುದು ವೋಲ್ಟ್-ಆಂಪಿಯರ್, ವ್ಯಾಟ್ ಅಲ್ಲ. ಪವರ್ ಫ್ಯಾಕ್ಟರ್ (ವೋಲ್ಟ್-ಆಂಪಿಯರಿನಲ್ಲಿ ನಿಜವಾದ ವ್ಯಾಟಿನ ಪಾಲು) ಅರ್ಧಕ್ಕಿಳಿದ ಅಗ್ಗದ ಎಲ್‌ಇಡಿ ದೀಪಗಳಲ್ಲಿ ಲೆಕ್ಕ ದುಪ್ಪಟ್ಟಾಗುತ್ತಿತ್ತು. ಬಳಿಕ ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಿಂದ ಏಳೆಂಟು ನೂರಕ್ಕೆ ತಂದ, ಸಾಕೆಟ್ಟಿಗೂ ಉಪಕರಣದ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ಪ್ಲಗ್ ಮೀಟರ್ ಸೀಲಿಂಗ್ ಫ್ಯಾನಿಗೆ ಉಪಯೋಗಕ್ಕೆ ಬರಲಿಲ್ಲ, ಅದಕ್ಕೆ ಪ್ಲಗ್ಗೇ ಇಲ್ಲವಲ್ಲ.

ಮೀಟರಿನ ಮೇಲೆ ಯೂನಿಟ್ಟಿಗೆ 3200 ಪಲ್ಸ್, ಅಂದರೆ ಮಿನುಗು, ಎಂದು ಅಚ್ಚಾಗಿದ್ದರೆ, 1125ನ್ನು ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ ಭಾಗಿಸಿದಾಗ ವ್ಯಾಟ್ ಸಿಗುತ್ತದೆ. 1600 ಇದ್ದರೆ 2250. ಉಳಿದುದೆಲ್ಲ ಆರಿಸಿ ಒಂದನ್ನೇ ಹಾಕಿದಾಗ ಹಳೆಯ ಫ್ಯಾನ್ ಹದಿನೈದು ಸೆಕೆಂಡಿಗೊಮ್ಮೆ ಮಿನುಗಿಸಿತು, ಅಂದರೆ 75 ವ್ಯಾಟ್. ಕಡಿಮೆ ವಿದ್ಯುತ್ ಎಳೆಯುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನಿಗೆ ನಲವತ್ತು ಸೆಕೆಂಡ್ ಕಾಯಬೇಕಾಯಿತು. ಮೀಟರ್ ಕೋಣೆ ನೆಲಮಹಡಿಯಲ್ಲಿ, ಮನೆ ನಾಲ್ಕನೆಯದರಲ್ಲಿ. ಒಬ್ಬನೇ ಹೇಗೆ ನಿಭಾಯಿಸುತ್ತೇನೆಂಬುದು ನನ್ನ ಹೊಟ್ಟೆಪಾಡಿನ ಗುಟ್ಟು, ಅದನ್ನಿಲ್ಲಿ ಬರೆಯುವುದಿಲ್ಲ.

ಒಂದು ಮನೆಯಲ್ಲಿ ತಿಂಗಳಿಗೆ 340 ಯೂನಿಟ್ ಆಸುಪಾಸು ಬಂದು, 300 ದಾಟಿದ ಭಾಗಕ್ಕೆ ಮೇಲಿನ ಸ್ಲ್ಯಾಬಿನ ದರ ಬೀಳುತ್ತಿತ್ತು. ಮನೆಯವರು ಫ್ರಿಜ್ಜಿನ ಮೇಲೆ ಗುಮಾನಿಪಟ್ಟು ಇಪ್ಪತ್ತೈದು ಸಾವಿರದ ಹೊಸದನ್ನು ನೋಡಿಟ್ಟಿದ್ದರು. ಫ್ರಿಜ್ಜಿನ ಪ್ಲಗ್ ಕಿತ್ತು, ಸ್ವಿಚ್ಚುಗಳನ್ನೆಲ್ಲ ಆರಿಸಿದರೂ ದೀಪ ಹದಿನೆಂಟು ಸೆಕೆಂಡಿಗೊಮ್ಮೆ ಮಿನುಗುತ್ತಲೇ ಇತ್ತು. ಬಾಲ್ಕನಿಯ ಹಳೆಯ ಇನ್ವರ್ಟರ್ ಸತ್ತ ಬ್ಯಾಟರಿಯನ್ನು ಹಗಲಿರುಳು ಚಾರ್ಜ್ ಮಾಡುತ್ತಿತ್ತು. 62 ವ್ಯಾಟ್ ಸಣ್ಣದೆನಿಸಿದರೂ ತಿಂಗಳಿಗೆ 45 ಯೂನಿಟ್. ಅದನ್ನು ಕಳಚಿದ ಮೇಲೆ ಬಳಕೆ 300 ಯೂನಿಟ್ಟಿನೊಳಗೆ ಬಂತು, ಬಿಲ್ಲಿನ ಜೊತೆಗೆ ಕೂಡುವ ಶೇ. 16ರ ವಿದ್ಯುತ್ ಸುಂಕವೂ ಅಷ್ಟರಮಟ್ಟಿಗೆ ಇಳಿಯಿತು.

ಇದೇ ಹುರುಪಿನಲ್ಲಿ ನಮ್ಮ ಮನೆಯ 15 ಲೀಟರಿನ ಗೀಸರನ್ನೂ ಪರೀಕ್ಷಿಸಿದೆ. 2000 ವ್ಯಾಟಿಗೆ ದೀಪ ಸೆಕೆಂಡಿಗೆ ಎರಡು ಬಾರಿಯ ಹತ್ತಿರ ಮಿನುಗುವುದರಿಂದ ಕಣ್ಣಿಗೆ ಎಣಿಕೆ ತಪ್ಪುತ್ತದೆ, ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೋ ತೆಗೆಯಬೇಕು. ತಣ್ಣೀರು ಕಾದು ಕಟ್ ಆಗುವಷ್ಟರಲ್ಲಿ ಕಾಲು ಗಂಟೆ, ಅರ್ಧ ಯೂನಿಟ್ ಖರ್ಚು. ಕಂಪ್ರೆಸರ್ ನಡೆದು ನಿಲ್ಲುವ ಫ್ರಿಜ್ಜಿಗೆ ಮಿನುಗಿನ ಲೆಕ್ಕ ಒಗ್ಗದು. ಮನೆ ಖಾಲಿಯಿದ್ದ ದಿನ ಬೆಳಗಿನ ರೀಡಿಂಗಿಗೂ ಮರುದಿನದ್ದಕ್ಕೂ ವ್ಯತ್ಯಾಸ ತೆಗೆದದ್ದರಲ್ಲಿ ಒಂದು ಯೂನಿಟ್ಟಿನ ಮೇಲೆ ತುಸು ಬಂತು. ನಕ್ಕವರಲ್ಲಿ ಇಬ್ಬರು ಈಗ ತಮ್ಮ ಗಿರಾಕಿಗಳನ್ನು ನನ್ನಲ್ಲಿಗೇ ಕಳಿಸುತ್ತಾರೆ, ಮನೆಗೆ ಮುನ್ನೂರು ರೂಪಾಯಿ ಪಡೆಯುತ್ತೇನೆ.